ಮನೆಗೊಂದು ಸ್ವಂತ ರೂಟರು

ರೇಡಿಯೋ ಪೆಟ್ಟಿಗೆಗೂ ಇಂಟರ್ನೆಟ್ಟಿನ ಪೆಟ್ಟಿಗೆಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ರೇಡಿಯೋ ಕೇಳುತ್ತದೆ, ಹೇಳುವುದಿಲ್ಲ. ನಿಮ್ಮ ಮನೆಯ ಸೆಟ್ಟು ಯಾವ ನಿಲಯಕ್ಕೆ ತಿರುಗಿದೆ, ಅದನ್ನು ಎಷ್ಟು ಹೊತ್ತು ಕೇಳಿದಿರಿ, ಯಾವಾಗ ಆರಿಸಿದಿರಿ ಎಂಬುದು ನಿಲಯದವರಿಗೆ ತಿಳಿಯುವ ಬಗೆಯೇ ಇಲ್ಲ. ಅಲೆ ಒಳಕ್ಕೆ ಬರುತ್ತದೆ. ಮನೆಯಿಂದ ಹೊರಕ್ಕೆ ಏನೂ ಹೋಗುವುದಿಲ್ಲ. ಇಂಟರ್ನೆಟ್ಟಿನ ವಿಷಯ ಹಾಗಲ್ಲ. ಅದು ಹೋಗಿಬರುವ ದಾರಿ. ಅದೇ ಆಕಾಶವಾಣಿಯ ಕಾರ್ಯಕ್ರಮವನ್ನು ಫೋನಿನಲ್ಲಿ ಕೇಳುವಾಗ, ಫೋನು ಮೊದಲು ಹೊರಕ್ಕೆ ಒಂದು ಕೋರಿಕೆಯನ್ನು ಕಳಿಸಬೇಕು. ಆಮೇಲೆ ಉತ್ತರವಾಗಿ ಧ್ವನಿ ಬರಬೇಕು. ದಾರಿ ಎರಡು ಕಡೆಗೂ ತೆರೆದಿರುವಾಗ ಬಾಗಿಲಿನ ವಿಚಾರ ಬಂದೇ ಬರುತ್ತದೆ. ಆ ಬಾಗಿಲಿಗೆ ರೂಟರು ಎಂದು ಹೆಸರು.

ಪಟ್ಟಣದ ಮನೆಗಳಿಗೆ ಈಗ ಕೂದಲೆಳೆಯಂಥ ಗಾಜಿನ ಎಳೆಯ ಮೂಲಕ, ಎಂದರೆ ಫೈಬರ್ ಮೂಲಕ, ಇಂಟರ್ನೆಟ್ ಬರುವುದು ಸಾಮಾನ್ಯವಾಗಿದೆ. ಕಂಪೆನಿಯವರು ಬಂದು ಗೋಡೆಗೆ ಒಂದು ಪೆಟ್ಟಿಗೆಯನ್ನು ತಗುಲಿಸಿ, ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಹೇಳಿ ಹೊರಟುಹೋಗುತ್ತಾರೆ. ಆ ಪೆಟ್ಟಿಗೆ ನಮ್ಮ ಮನೆಯಲ್ಲಿದ್ದರೂ ಅನೇಕ ವೇಳೆ ನಮ್ಮದಲ್ಲ. ಅದರ ಬೀಗದ ಕೈ ಕಂಪೆನಿಯವರ ಬಳಿಯಲ್ಲಿಯೂ ಇರುತ್ತದೆ. ಆದುದರಿಂದ ಅದರ ಹಿಂದೆ ತಮ್ಮದೇ ಆದ ಇನ್ನೊಂದು ರೂಟರನ್ನು ಇಟ್ಟುಕೊಳ್ಳುವವರಿದ್ದಾರೆ. ಇದು ಒಳ್ಳೆಯ ಯೋಚನೆಯೇ. ಆದರೆ ಒಂದು ಮನೆಗೆ ಇಬ್ಬರು ಬಾಗಿಲು ಕಾಯುವವರಾದ ಮೇಲೆ ಯಾರ ಕೆಲಸ ಯಾವುದೆಂಬುದು ನಿರ್ಧಾರವಾಗಿರಬೇಕು. ಅದು ನಿರ್ಧಾರವಾಗದಿದ್ದರೆ, ಹಣ ಕೊಟ್ಟು ತಂದ ಯಂತ್ರ ತೊಂದರೆಯನ್ನು ಕೊಡುತ್ತದೆ. ಜೊತೆಗೆ, ಇಲ್ಲದ ಭದ್ರತೆಯನ್ನು ಇದೆಯೆಂದು ನಂಬಿಸುತ್ತದೆ. ಈ ಲೇಖನದಲ್ಲಿ ಆ ವಿಚಾರವನ್ನು ನೋಡೋಣ.

ಪೆಟ್ಟಿಗೆಯೊಳಗಿನ ನಾಲ್ಕು ಕೆಲಸಗಳು

ಕಂಪೆನಿಯವರು ಕೊಟ್ಟ ಪೆಟ್ಟಿಗೆ ನೋಡುವುದಕ್ಕೆ ಒಂದಾದರೂ ಅದು ಮಾಡುವ ಕೆಲಸಗಳು ನಾಲ್ಕು. ಮೊದಲನೆಯದು, ಗಾಜಿನ ಎಳೆಯಲ್ಲಿ ಬರುವ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು. ಎರಡನೆಯದು, ಮನೆಯ ಫೋನು, ಕಂಪ್ಯೂಟರು, ಟೆಲಿವಿಷನ್ನು ಇವುಗಳಿಗೆ ಒಂದೊಂದು ವಿಳಾಸವನ್ನು ಕೊಟ್ಟು, ಹೋಗಿಬರುವ ಮಾತುಗಳನ್ನು ಆಯಾ ವಿಳಾಸಕ್ಕೆ ಹಂಚುವುದು. ನಿಜವಾಗಿ ರೂಟರೆಂದರೆ ಈ ಹಂಚುವ ಭಾಗವೇ. ಮೂರನೆಯದು, ತಂತಿಯಿಲ್ಲದೆ ಸಂಪರ್ಕ ಕೊಡುವ ವೈಫೈ. ಇದೊಂದು ಪುಟ್ಟ ರೇಡಿಯೋ ನಿಲಯ. ನಾಲ್ಕನೆಯದು ಕೆಲವು ಮನೆಗಳಲ್ಲಿ ಮಾತ್ರ: ಹಳೆಯ ರೀತಿಯ ಟೆಲಿಫೋನನ್ನು ಇದೇ ಪೆಟ್ಟಿಗೆಯ ಹಿಂಭಾಗಕ್ಕೆ ಸಿಕ್ಕಿಸಿರುತ್ತಾರೆ.

ಸ್ವಂತ ರೂಟರನ್ನು ತಂದರೂ ಮೊದಲನೆಯ ಕೆಲಸಕ್ಕೆ ಕಂಪೆನಿಯ ಪೆಟ್ಟಿಗೆ ಬೇಕೇ ಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೂಟರಿಗೆ ಗಾಜಿನ ಎಳೆಯನ್ನು ನೇರವಾಗಿ ಜೋಡಿಸಲಾಗದು. ಎರಡನೆಯ ಮತ್ತು ಮೂರನೆಯ ಕೆಲಸಗಳನ್ನು ಮಾತ್ರ ನಾವು ನಮ್ಮ ಯಂತ್ರಕ್ಕೆ ವಹಿಸಿಕೊಳ್ಳಬಹುದು.

ಬೀಗದ ಕೈ ಯಾರಲ್ಲಿ?

ಕಂಪೆನಿಯವರು ತಮ್ಮ ಕಚೇರಿಯಲ್ಲಿಯೇ ಕುಳಿತು ನಿಮ್ಮ ಮನೆಯ ಪೆಟ್ಟಿಗೆಯನ್ನು ಸರಿಪಡಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಇದರಲ್ಲಿ ಕೆಡುಕೇನೂ ಇಲ್ಲ. ರಿಪೇರಿ ಬೇಗ ಆಗುತ್ತದೆ. ಒಳಗಿನ ತಂತ್ರಾಂಶವನ್ನು ಅವರೇ ಹೊಸದು ಮಾಡುತ್ತಾರೆ. ಆದರೆ ರಿಪೇರಿಗೆಂದು ಇಟ್ಟ ಬಾಗಿಲನ್ನು ಬೇರೆಯವರೂ ತಟ್ಟಬಹುದೆಂಬುದು 2016ರಲ್ಲಿ ಜರ್ಮನಿಯಲ್ಲಿ ಕಂಡುಬಂದಿತು. ಆ ವರ್ಷದ ನವೆಂಬರ್ 27ರಂದು, ಅಂಥ ನಿರ್ವಹಣೆಯ ಬಾಗಿಲಿನ ಮೂಲಕ ನುಗ್ಗುವ ಪ್ರಯತ್ನ ನಡೆದು, ಡಾಯ್ಚ ಟೆಲಿಕಾಂ ಸಂಸ್ಥೆಯ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕಕ್ಕೆ ಧಕ್ಕೆ ಬಂದಿತು. ಅದೇ ವರ್ಷದಲ್ಲಿ ಮಿರಾಯ್ ಎಂಬ ಹೆಸರಿನ ಕೇಡಿನ ತಂತ್ರಾಂಶ ಊರೂರಿನ ಮನೆಗಳ ಕ್ಯಾಮೆರಾಗಳನ್ನೂ ರೂಟರುಗಳನ್ನೂ ವಶಮಾಡಿಕೊಂಡಿತ್ತು. ಅದು ಮಾಡಿದ ಜಾಣತನ ಬಹಳ ಸಣ್ಣದು. ಕಾರ್ಖಾನೆಯಿಂದ ಬರುವಾಗ ಯಂತ್ರಗಳಲ್ಲಿ ಇರುವ ಸುಮಾರು 60 ಜೋಡಿ ಹೆಸರು–ಪಾಸ್‌ವರ್ಡುಗಳನ್ನು ಒಂದಾದ ಮೇಲೊಂದರಂತೆ ಹಾಕಿ ನೋಡುವುದು, ಅಷ್ಟೆ. ಹಾಗೆ ಸೆರೆಸಿಕ್ಕ ಯಂತ್ರಗಳೆಲ್ಲ ಸೇರಿ ಅಕ್ಟೋಬರ್ 21ರಂದು ಡಿನ್ ಎಂಬ ಸಂಸ್ಥೆಯ ಮೇಲೆ ಬಿದ್ದಾಗ, ಅಮೆರಿಕದಲ್ಲಿ ಹೆಸರಾಂತ ತಾಣಗಳು ಗಂಟೆಗಟ್ಟಲೆ ಜನರ ಕೈಗೆ ಸಿಗದೆ ಹೋದವು. ಆ ಯಂತ್ರಗಳ ಒಡೆಯರಿಗೆ ತಮ್ಮ ಮನೆಯ ಕ್ಯಾಮೆರಾ ಹೀಗೆ ಪರರ ಸೇವೆಗೆ ಹೋಗಿದೆಯೆಂಬುದು ಗೊತ್ತಾಗುವಂತೆಯೇ ಇರಲಿಲ್ಲ. ಅದು ಎಂದಿನಂತೆ ಚಿತ್ರ ತೋರಿಸುತ್ತಲೇ ಇದ್ದಿತು.

ಇದರಿಂದ ನಾವು ಕಲಿಯಬೇಕಾದುದು ಹೆದರಿಕೆಯನ್ನಲ್ಲ. ಬಾಗಿಲಿದ್ದರೆ ಅದರ ಬೀಗದ ಕೈ ಯಾರಲ್ಲಿದೆ, ಕಾರ್ಖಾನೆಯ ಬೀಗವನ್ನು ಬದಲಾಯಿಸಿದ್ದೇವೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ, ಗ್ರಾಹಕರು ತಮಗೆ ಬೇಕಾದ ರೂಟರನ್ನು ತಾವೇ ಆರಿಸಿಕೊಳ್ಳಬಹುದೆಂಬುದನ್ನು ಕಾನೂನಿನಲ್ಲಿಯೇ ಸೇರಿಸಿದರು. ಸ್ವಂತ ರೂಟರಿನಿಂದ ಇನ್ನೂ ಒಂದು ಅನುಕೂಲವುಂಟು. ನಾಳೆ ನೀವು ಕಂಪೆನಿಯನ್ನು ಬದಲಾಯಿಸಿದರೂ ಮನೆಯ ವೈಫೈ ಹೆಸರು, ಪಾಸ್‌ವರ್ಡು ಹಾಗೆಯೇ ಉಳಿಯುತ್ತವೆ. ಹತ್ತು ಯಂತ್ರಗಳನ್ನು ಮತ್ತೆ ಜೋಡಿಸುತ್ತ ಕೂರಬೇಕಾಗಿಲ್ಲ.

ವಠಾರದ ಲೆಕ್ಕ

ಎರಡು ರೂಟರುಗಳ ನಡುವೆ ತಕರಾರು ಏಕೆ ಬರುತ್ತದೆಂಬುದನ್ನು ತಿಳಿಯಬೇಕಾದರೆ ವಿಳಾಸದ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಂಟರ್ನೆಟ್ಟಿನ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಲೋಕದ ಜನಸಂಖ್ಯೆಗೇ ಸಾಲದ ಸಂಖ್ಯೆ ಇದು. ಇನ್ನು ಮನೆಗೆ ಹತ್ತು ಯಂತ್ರಗಳಾದರೆ ಹೇಳತಕ್ಕದ್ದೇನು? ಆದುದರಿಂದ ಒಂದು ಉಪಾಯವನ್ನು ಹೂಡಿದರು. ನಮ್ಮ ವಠಾರಗಳನ್ನು ನೋಡಿದವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ.

ವಠಾರಕ್ಕೆ ಬೀದಿಯ ಕಡೆಗೆ ಒಂದೇ ನಂಬರು. ಒಳಗೆ 1ನೆಯ ಮನೆ, 2ನೆಯ ಮನೆ, 3ನೆಯ ಮನೆ. ಪಕ್ಕದ ಬೀದಿಯ ವಠಾರದಲ್ಲಿಯೂ 1ನೆಯ ಮನೆ ಇದೆ. ಅದರಿಂದ ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಆ ನಂಬರು ವಠಾರದ ಒಳಗೆ ಮಾತ್ರ ಸಲ್ಲುತ್ತದೆ. ಹೀಗೆ ಒಳಗೆ ಮಾತ್ರ ಸಲ್ಲುವ ವಿಳಾಸಗಳೆಂದು 1996ರಲ್ಲಿ ಮೂರು ಗುಂಪುಗಳನ್ನು ಮೀಸಲಿಟ್ಟರು. 10ರಿಂದ ಮೊದಲಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಮೊದಲಾಗುವವು. ನಿಮ್ಮ ಫೋನಿನಲ್ಲಿ ವೈಫೈ ವಿವರವನ್ನು ತೆರೆದು ನೋಡಿದರೆ ಇವುಗಳಲ್ಲಿ ಒಂದು ಕಂಡೀತು.

ಈಗ ವಠಾರದ ಬಾಗಿಲಿನಲ್ಲಿ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳಿ. 3ನೆಯ ಮನೆಯವರು ಪತ್ರ ಕೊಟ್ಟರೆ ಅವನು ಅದರ ಮೇಲೆ ವಠಾರದ ನಂಬರು ಹಾಕಿ ಅಂಚೆಗೆ ಬಿಡುತ್ತಾನೆ. ಯಾರು ಕೊಟ್ಟರೆಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಾನೆ. ಉತ್ತರ ಬಂದಾಗ ಪುಸ್ತಕ ನೋಡಿ 3ನೆಯ ಮನೆಗೆ ತಲುಪಿಸುತ್ತಾನೆ. ಯಾರೂ ಬರೆಯದೆ ತಾನಾಗಿ ಬಂದ ಪತ್ರ ಯಾರಿಗೆಂದು ಅವನಿಗೆ ತಿಳಿಯದು. ಅದನ್ನು ಬದಿಗೆ ಹಾಕುತ್ತಾನೆ. ಈ ಗುಮಾಸ್ತಿಕೆಗೆ ನ್ಯಾಟ್ ಎಂದು ಹೆಸರು. ಕರೆಯದೆ ಬಂದವರನ್ನು ತಡೆಯುವುದು ಅವನ ಉದ್ದೇಶವಲ್ಲದಿದ್ದರೂ ಆ ಉಪಕಾರ ಅವನಿಂದ ಆಗುತ್ತದೆ.

ಕಂಪೆನಿಯ ರೂಟರಿನ ಹಿಂದೆ ಇನ್ನೊಂದು ರೂಟರನ್ನು ಇಟ್ಟರೆ ವಠಾರದೊಳಗೆ ಇನ್ನೊಂದು ವಠಾರವಾಯಿತು, ಗುಮಾಸ್ತರು ಇಬ್ಬರಾದರು. ಇದನ್ನು ಡಬಲ್ ನ್ಯಾಟ್ ಎನ್ನುತ್ತಾರೆ. ಹೋಗುವ ಪತ್ರಕ್ಕೂ ಅದರ ಉತ್ತರಕ್ಕೂ ಇದರಿಂದ ಅಡ್ಡಿಯಿಲ್ಲ, ಇಬ್ಬರೂ ಬರೆದಿಟ್ಟುಕೊಂಡಿರುತ್ತಾರೆ. ಆದರೆ ಒಂದು ಸಂದರ್ಭದಲ್ಲಿ ಎಲ್ಲವೂ ನಿಲ್ಲುತ್ತದೆ. ಹೊರಗಿನ ವಠಾರದ ಮನೆಗಳೂ 192.168.1 ಎಂಬ ಸಾಲಿನವು, ಒಳಗಿನವೂ ಅದೇ ಸಾಲಿನವು ಎಂದಾದರೆ, ಒಳಗಿನ ಗುಮಾಸ್ತನಿಗೆ ಪತ್ರವನ್ನು ಯಾವ ಕಡೆಗೆ ಕೊಡಬೇಕೆಂಬುದೇ ತಿಳಿಯುವುದಿಲ್ಲ. ಅನೇಕ ಕಂಪೆನಿಗಳ ಪೆಟ್ಟಿಗೆಗಳೂ ಅಂಗಡಿಯ ರೂಟರುಗಳೂ ಕಾರ್ಖಾನೆಯಿಂದ ಬರುವಾಗ ಒಂದೇ ಸಾಲನ್ನು ಇಟ್ಟುಕೊಂಡು ಬರುತ್ತವೆ. ಹೊಸ ರೂಟರನ್ನು ಜೋಡಿಸಿದ ಕೂಡಲೆ ಇಂಟರ್ನೆಟ್ ಬಾರದೆ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಮೂರು ವಿಧಾನಗಳು

ಒಂದನೆಯ ವಿಧಾನ, ಹೊರಗಿನ ಗುಮಾಸ್ತನಿಗೆ ವಿಶ್ರಾಂತಿ ಕೊಡುವುದು. ಕಂಪೆನಿಯ ಪೆಟ್ಟಿಗೆಯನ್ನು ಸೇತುವೆಯಂತೆ, ಎಂದರೆ ಬ್ರಿಜ್ ಮೋಡಿನಲ್ಲಿ, ಇಡುತ್ತಾರೆ. ಆಗ ಅದು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸಿ ಕೊಟ್ಟು ಸುಮ್ಮನಾಗುತ್ತದೆ. ಉಳಿದುದೆಲ್ಲ ನಿಮ್ಮ ರೂಟರಿನದು. ಇದು ಎಲ್ಲಕ್ಕಿಂತ ಅಚ್ಚುಕಟ್ಟಾದ ಕ್ರಮ. ಆದರೆ ಇದಕ್ಕೆ ಕಂಪೆನಿಯವರ ಒಪ್ಪಿಗೆ ಬೇಕು. ಸಂಪರ್ಕಕ್ಕೆ ಬೇಕಾದ ಹೆಸರು, ಪಾಸ್‌ವರ್ಡುಗಳನ್ನು ಅವರಿಂದ ಪಡೆದು ನಿಮ್ಮ ರೂಟರಿನಲ್ಲಿ ತುಂಬಬೇಕು. ಮನೆಯ ಟೆಲಿಫೋನು ಆ ಪೆಟ್ಟಿಗೆಗೆ ಸೇರಿದ್ದರೆ, ಬ್ರಿಜ್ ಮಾಡಿದ ಮೇಲೆಯೂ ಅದು ನಡೆಯುವುದೇ ಎಂದು ಮೊದಲೇ ಕೇಳಿಕೊಳ್ಳಿ. ವಯಸ್ಸಾದವರಿರುವ ಮನೆಯಲ್ಲಿ ಆ ಟೆಲಿಫೋನು ಸತ್ತುಹೋದದ್ದು ತಿಳಿಯುವುದು ಅಗತ್ಯ ಬಿದ್ದಾಗಲೇ.

ಎರಡನೆಯ ವಿಧಾನ, ಇಬ್ಬರನ್ನೂ ಇಟ್ಟುಕೊಳ್ಳುವುದು, ಎಂದರೆ ಡಬಲ್ ನ್ಯಾಟ್. ಇದಕ್ಕೆ ಯಾರ ಒಪ್ಪಿಗೆಯೂ ಬೇಡ. ಸುದ್ದಿ ಓದುವುದು, ಚಲನಚಿತ್ರ ನೋಡುವುದು, ವಿಡಿಯೋ ಕರೆ, ಬ್ಯಾಂಕಿನ ಕೆಲಸ ಇವೆಲ್ಲ ಸರಾಗವಾಗಿ ನಡೆಯುತ್ತವೆ. ಹೊರಗಿನಿಂದ ನೇರವಾಗಿ ಮನೆಯ ಕಂಪ್ಯೂಟರನ್ನೋ ಕ್ಯಾಮೆರಾವನ್ನೋ ಕರೆಯಬೇಕೆನ್ನುವವರಿಗೂ, ಕೆಲವು ಆಟಗಳನ್ನು ಆಡುವ ಮಕ್ಕಳಿಗೂ ಇದು ಅಡ್ಡಿಯಾಗುತ್ತದೆ. ತಯಾರಕರ ಕೇಂದ್ರದ ಮೂಲಕ ಫೋನಿಗೆ ಚಿತ್ರ ಕಳಿಸುವ ಕ್ಯಾಮೆರಾಗಳಿಗೆ ಈ ತೊಡಕಿಲ್ಲ.

ಮೂರನೆಯ ವಿಧಾನ, ನಿಮ್ಮ ರೂಟರಿನ ಗುಮಾಸ್ತಿಕೆಯನ್ನು ನಿಲ್ಲಿಸಿ ಅದರ ವೈಫೈ ನಿಲಯವನ್ನು ಮಾತ್ರ ಉಪಯೋಗಿಸುವುದು. ಇದಕ್ಕೆ ಆಕ್ಸೆಸ್ ಪಾಯಿಂಟ್ ಮೋಡ್ ಎಂದು ಹೆಸರು. ಹಿತ್ತಿಲ ಕೋಣೆಗೋ ಮಹಡಿಗೋ ವೈಫೈ ತಲುಪುವುದಿಲ್ಲವೆಂಬುದೊಂದೇ ನಿಮ್ಮ ದೂರಾದರೆ ಇದೇ ಸಾಕು. ಮನೆಯ ಯಂತ್ರಗಳೆಲ್ಲ ಒಂದೇ ವಠಾರದಲ್ಲಿ ಇರುತ್ತವೆ. ಪ್ರಿಂಟರು, ಟೆಲಿವಿಷನ್ನು ಎಲ್ಲರಿಗೂ ಕಾಣುತ್ತವೆ. ಆದರೆ ಬಾಗಿಲು ಕಂಪೆನಿಯದೇ. ಭದ್ರತೆಯ ದೃಷ್ಟಿಯಿಂದ ಇದರಿಂದ ಹೊಸದೇನೂ ಆಗುವುದಿಲ್ಲವೆಂಬುದನ್ನು ನೆನಪಿಡಬೇಕು.

ಒಂದು ಎಚ್ಚರಿಕೆ. ವಿಳಾಸಗಳ ಕೊರತೆಯಿಂದಾಗಿ ಕಂಪೆನಿಗಳೂ ತಮ್ಮ ಮಟ್ಟದಲ್ಲಿ ವಠಾರಗಳನ್ನು ಕಟ್ಟಿಕೊಂಡಿವೆ. ಅದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ಬ್ರಿಜ್ ಮಾಡಿದ ಮೇಲೆಯೂ ನಿಮ್ಮ ರೂಟರಿನ ಹೊರಮುಖದಲ್ಲಿ ಇಂಥ ವಿಳಾಸ ಕಂಡರೆ, ಬೀದಿಯ ತುದಿಯಲ್ಲಿ ಇನ್ನೊಬ್ಬ ಗುಮಾಸ್ತನಿದ್ದಾನೆಂದು ಅರ್ಥ. ಹೊರಗಿನಿಂದ ನೇರ ಕರೆ ಬೇಕೆನ್ನುವವರು ಆಗ ಕಂಪೆನಿಯವರಿಂದಲೇ ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯಬೇಕು. ಐಪಿ ಆರನೆಯ ಆವೃತ್ತಿಯೆಂಬ ಹೊಸ ಪದ್ಧತಿಯಲ್ಲಿ ವಿಳಾಸಗಳಿಗೆ ಬರವಿಲ್ಲ. 340ರ ಮುಂದೆ 36 ಸೊನ್ನೆ ಇಟ್ಟರೆ ಎಷ್ಟೋ ಸುಮಾರು ಅಷ್ಟಿವೆ. ಅಲ್ಲಿ ಗುಮಾಸ್ತನ ಅಗತ್ಯವೂ ಇಲ್ಲ. ಗುಮಾಸ್ತನಿಲ್ಲವಾದ್ದರಿಂದಲೇ, ಕರೆಯದೆ ಬಂದವರನ್ನು ತಡೆಯುವ ಫೈರ್‌ವಾಲ್ ಎಂಬ ಕಾವಲನ್ನು ರೂಟರಿನಲ್ಲಿ ಆರಿಸದೆ ಇಡಬೇಕು.

ಜಗಲಿ ಮತ್ತು ನಡುಮನೆ

ಡಬಲ್ ನ್ಯಾಟನ್ನು ಕೆಲವರು ದೋಷವೆಂದೇ ಹೇಳುತ್ತಾರೆ. ತಿಳಿದು ಉಪಯೋಗಿಸಿದರೆ ಅದೇ ಗುಣ. ನಮ್ಮ ಹಳೆಯ ಮನೆಗಳಲ್ಲಿ ಜಗಲಿ ಬೇರೆ, ನಡುಮನೆ ಬೇರೆ. ದಾರಿಹೋಕರು ಜಗಲಿಯಲ್ಲಿ ಕೂರುತ್ತಾರೆ. ನಡುಮನೆಗೆ ಬರುವವರು ಮನೆಯವರು. ಎರಡು ರೂಟರುಗಳಲ್ಲಿ ಕಂಪೆನಿಯದು ಜಗಲಿ, ನಿಮ್ಮದು ನಡುಮನೆ. ನಡುಮನೆಯಲ್ಲಿರುವ ಯಂತ್ರ ಜಗಲಿಯಲ್ಲಿರುವುದನ್ನು ಮಾತನಾಡಿಸಬಲ್ಲುದು. ಜಗಲಿಯಲ್ಲಿರುವುದು ತಾನಾಗಿ ನಡುಮನೆಗೆ ನುಗ್ಗಲಾರದು, ನಿಮ್ಮ ಗುಮಾಸ್ತ ತಡೆಯುತ್ತಾನೆ.

ಆದುದರಿಂದ ಬ್ಯಾಂಕಿನ ಕೆಲಸ ಮಾಡುವ ಫೋನು, ಮನೆಯ ಲೆಕ್ಕಪತ್ರಗಳಿರುವ ಕಂಪ್ಯೂಟರು, ಕುಟುಂಬದ ಭಾವಚಿತ್ರಗಳನ್ನು ಕೂಡಿಟ್ಟ ಯಂತ್ರ, ಪ್ರಿಂಟರು ಇವು ನಡುಮನೆಯಲ್ಲಿರಲಿ. ಅಗ್ಗದ ಕ್ಯಾಮೆರಾ, ವೈಫೈ ಬಲ್ಬು, ನೆಂಟರ ಫೋನು ಇವು ಜಗಲಿಯಲ್ಲಿರಲಿ. ಇದನ್ನು ತಿರುಗಾಮುರುಗಾ ಮಾಡಿದರೆ ಎರಡನೆಯ ರೂಟರಿನಿಂದ ಪ್ರಯೋಜನವಿಲ್ಲ: ಅಗ್ಗದ ಕ್ಯಾಮೆರಾವನ್ನು ನಡುಮನೆಗೆ ಸೇರಿಸಿ, ಕಂಪ್ಯೂಟರನ್ನು ಹೊರಗೆ ಬಿಟ್ಟರೆ, ಕೆಟ್ಟುಹೋದ ಕ್ಯಾಮೆರಾ ಒಳಗಿನಿಂದ ಜಗಲಿಯನ್ನೆಲ್ಲ ತಡಕಬಹುದು. ಟೆಲಿವಿಷನ್ನಿಗೆ ಮಾತ್ರ ಒಂದು ಮಾತು. ಫೋನಿನ ಚಿತ್ರವನ್ನು ಅದರ ಮೇಲೆ ತೋರಿಸುವ ಅಭ್ಯಾಸವಿದ್ದರೆ ಎರಡೂ ಒಂದೇ ಕಡೆಯಿರಬೇಕು. ಬೇರೆ ಬೇರೆಯಿದ್ದರೆ ಫೋನಿಗೆ ಟೆಲಿವಿಷನ್ನು ಕಾಣಿಸುವುದಿಲ್ಲ. ನೆಂಟರಿಗೆಂದು ನಿಮ್ಮ ರೂಟರಿನಲ್ಲಿಯೇ ಗೆಸ್ಟ್ ವೈಫೈ ಇರುವುದೂ ಉಂಟು. ಬ್ರಿಜ್ ಮಾಡಿದ ಮನೆಯಲ್ಲಿ ಅದೇ ಜಗಲಿಯಾಗುತ್ತದೆ.

ನಡುಮನೆಯ ಮಾತು ಬೀದಿಗೆ ಹೋಗಬೇಕಾದರೆ ಜಗಲಿಯನ್ನು ದಾಟಿಯೇ ಹೋಗಬೇಕೆಂಬುದನ್ನೂ ಹೇಳದೆ ಇರಬಾರದು. ಬ್ಯಾಂಕಿನ ತಾಣದಂಥವುಗಳಲ್ಲಿ ಮಾತು ಗೂಢಲಿಪಿಯಲ್ಲಿ ಹೋಗುತ್ತದೆ, ನಡುವೆ ಓದಲಾಗದು. ಆದರೆ ಯಾವ ತಾಣಕ್ಕೆ ಹೋದಿರೆಂಬುದು ಕಂಪೆನಿಗೆ ತಿಳಿಯಬಹುದು. ಸ್ವಂತ ರೂಟರು ಮನೆಯೊಳಗನ್ನು ಕಾಯುತ್ತದೆ, ದಾರಿಯನ್ನು ಕಾಯುವುದಿಲ್ಲ.

ಜೋಡಿಸುವ ಕ್ರಮ

ಬಿಡುವಿನ ದಿನ ಬೆಳಗ್ಗೆ ಈ ಕೆಲಸಕ್ಕೆ ಕೈಹಾಕಿ. ಮೊದಲು ಕಂಪೆನಿಯ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿರುವುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ನಿಮ್ಮ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಎಂಬಲ್ಲಿರುವ ಸಂಖ್ಯೆಯನ್ನೂ ಬರೆದುಕೊಳ್ಳಿ. ಅದು ಹೊರಗಿನ ರೂಟರಿನ ವಿಳಾಸ.

ಆಮೇಲೆ ಒಂದು ಕೇಬಲ್ಲಿನ ಒಂದು ತುದಿಯನ್ನು ಕಂಪೆನಿಯ ಪೆಟ್ಟಿಗೆಯ ಲ್ಯಾನ್ ಎಂಬ ರಂಧ್ರಕ್ಕೂ ಇನ್ನೊಂದನ್ನು ನಿಮ್ಮ ರೂಟರಿನ ವ್ಯಾನ್ ಎಂಬ ರಂಧ್ರಕ್ಕೂ ಸಿಕ್ಕಿಸಿ. ವ್ಯಾನ್ ರಂಧ್ರ ಸಾಮಾನ್ಯವಾಗಿ ಬೇರೆ ಬಣ್ಣದ್ದು. ತಪ್ಪಿ ಲ್ಯಾನಿನಿಂದ ಲ್ಯಾನಿಗೆ ಸಿಕ್ಕಿಸಿದರೆ ಇಬ್ಬರು ಗುಮಾಸ್ತರೂ ಒಂದೇ ವಠಾರದಲ್ಲಿ ನಿಂತು ನಂಬರು ಹಂಚತೊಡಗುತ್ತಾರೆ. ಕೆಲವು ಯಂತ್ರಗಳಿಗೆ ಇಂಟರ್ನೆಟ್ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ.

ನಿಮ್ಮ ರೂಟರಿನ ಒಳಗಿನ ವಿಳಾಸದ ಸಾಲನ್ನು ಹೊರಗಿನದಕ್ಕಿಂತ ಬೇರೆ ಮಾಡಿ. ಹೊರಗೆ 192.168.1.1 ಇದ್ದರೆ ಒಳಗೆ 192.168.50.1 ಇಡಬಹುದು. ಅನಂತರ ಎರಡು ಪಾಸ್‌ವರ್ಡುಗಳನ್ನು ಇಡಿ: ವೈಫೈ ಸೇರುವುದಕ್ಕೆ ಒಂದು, ರೂಟರನ್ನೇ ತೆರೆದು ತಿದ್ದುವುದಕ್ಕೆ ಇನ್ನೊಂದು. ಮೊದಲನೆಯದನ್ನು ಮನೆಯವರಿಗೆಲ್ಲ ಹೇಳಬಹುದು. ಎರಡನೆಯದು ಮನೆಯ ಯಜಮಾನರಲ್ಲಿಯೋ ಯಜಮಾನಿಯಲ್ಲಿಯೋ ಇರಲಿ. ಕಾರ್ಖಾನೆಯ ಪಾಸ್‌ವರ್ಡನ್ನು ಹಾಗೆಯೇ ಬಿಡಬೇಡಿ. ವೈಫೈ ರಕ್ಷಣೆಯೆಂಬಲ್ಲಿ ಡಬ್ಲ್ಯುಪಿಎ 3 ಇದ್ದರೆ ಅದನ್ನೂ, ಹಳೆಯ ಯಂತ್ರಗಳು ಅದಕ್ಕೆ ಹೊಂದದಿದ್ದರೆ ಡಬ್ಲ್ಯುಪಿಎ 2 ಎಂಬುದನ್ನೂ ಆರಿಸಿ. ತಂತ್ರಾಂಶವನ್ನು ತಾನಾಗಿ ಹೊಸದು ಮಾಡಿಕೊಳ್ಳುವ ಏರ್ಪಾಡಿದ್ದರೆ ಅದನ್ನು ಚಾಲೂ ಮಾಡಿ. ತಯಾರಕರು ತಂತ್ರಾಂಶ ಕೊಡುವುದನ್ನು ನಿಲ್ಲಿಸಿದ ಹಳೆಯ ರೂಟರನ್ನು ಅಗ್ಗಕ್ಕೆ ಸಿಕ್ಕಿತೆಂದು ತರುವುದು ತುಕ್ಕು ಹಿಡಿದ ಬೀಗವನ್ನು ತಂದಂತೆಯೇ.

ಪೆಟ್ಟಿಗೆಯಲ್ಲಿ ಸೂಜಿಮೊನೆ ಹೋಗುವಷ್ಟು ಸಣ್ಣ ತೂತೊಂದಿರುತ್ತದೆ. ಅದನ್ನು ಒತ್ತಿ ಹಿಡಿದರೆ ರೂಟರು ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಹೋಗುತ್ತದೆ. ಸ್ವಂತ ರೂಟರಿನಲ್ಲಿ ಪಾಸ್‌ವರ್ಡು ಮರೆತರೆ ಇದು ಉಪಾಯ. ಕಂಪೆನಿಯ ಪೆಟ್ಟಿಗೆಯಲ್ಲಿ ಮಾತ್ರ ಅದನ್ನು ಮುಟ್ಟಬೇಡಿ. ಸಂಪರ್ಕದ ವಿವರಗಳೇ ಅಳಿಸಿಹೋಗಬಹುದು.

ಅಲೆ, ಗೋಡೆ, ವಿದ್ಯುತ್ತು

ವೈಫೈ ಕೂಡ ರೇಡಿಯೋ ಅಲೆಯೇ. ಮಧ್ಯಮ ತರಂಗದ ಅಲೆ ನೂರಾರು ಮೀಟರು ಉದ್ದವಾದರೆ, 2400 ಮೆಗಾಹರ್ಟ್ಸ್ ವೈಫೈ ಅಲೆ ಸುಮಾರು ಹನ್ನೆರಡೂವರೆ ಸೆಂಟಿಮೀಟರು. 5000 ಮೆಗಾಹರ್ಟ್ಸಿನದು ಸುಮಾರು 6 ಸೆಂಟಿಮೀಟರು. ಗಿಡ್ಡ ಅಲೆ ವೇಗವಾಗಿ ಸುದ್ದಿ ಒಯ್ಯುತ್ತದೆ, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಆದುದರಿಂದ ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಡದೆ, ಮನೆಯ ನಡುವೆ, ಎತ್ತರದಲ್ಲಿ ಇಡಿ. ಎರಡು ರೂಟರುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಒಂದೇ ಮೀಟರಿನಲ್ಲಿ ಎರಡು ನಿಲಯಗಳು ಮಾತನಾಡಿದಂತಾಗುತ್ತದೆ. 2400ರ ಪಟ್ಟಿಯಲ್ಲಿ ಒಂದಕ್ಕೊಂದು ತಗುಲದಿರುವ ಚಾನೆಲ್ಲುಗಳು 1, 6, 11. ಒಂದು ರೂಟರಿಗೆ 1 ಕೊಟ್ಟರೆ ಇನ್ನೊಂದಕ್ಕೆ 6 ಅಥವಾ 11 ಕೊಡಿ. ಜಗಲಿಯ ವೈಫೈ ನಿಮಗೆ ಬೇಡವಾದರೆ ಅದನ್ನು ಆರಿಸಿಬಿಡುವುದೇ ಮೇಲು.

ಪೆಟ್ಟಿಗೆ ಎರಡಾದ ಮೇಲೆ ವಿದ್ಯುತ್ ಹೋದಾಗ ಬ್ಯಾಟರಿಯ ಆಸರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಯುಪಿಎಸ್ ಕೊಟ್ಟರೆ ವೈಫೈ ಗುರುತು ಫೋನಿನಲ್ಲಿ ಕಾಣುತ್ತದೆ, ಇಂಟರ್ನೆಟ್ ಮಾತ್ರ ಇರುವುದಿಲ್ಲ. ಕಂಪೆನಿಗೆ ದೂರು ಕೊಟ್ಟಾಗ ಅವರು ಮೊದಲು ಹೇಳುವ ಮಾತು, ನಿಮ್ಮ ರೂಟರನ್ನು ತೆಗೆದು ನೋಡಿ ಎಂಬುದು. ಅದು ನ್ಯಾಯವಾದ ಮಾತೇ. ಕಂಪ್ಯೂಟರನ್ನು ಕೇಬಲ್ಲಿನ ಮೂಲಕ ಹೊರಗಿನ ಪೆಟ್ಟಿಗೆಗೆ ನೇರವಾಗಿ ಸೇರಿಸಿ ನೋಡಿದರೆ ದೋಷ ಯಾರ ಕಡೆಯದೆಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಬ್ರಿಜ್ ಮಾಡಿದ ಮನೆಯವರಾದರೆ ಆ ಕಂಪ್ಯೂಟರಿನಲ್ಲಿ ಸಂಪರ್ಕದ ಹೆಸರು, ಪಾಸ್‌ವರ್ಡುಗಳನ್ನೂ ತುಂಬಬೇಕಾದೀತು.

ಕೊನೆಯದಾಗಿ, ಮಾಡಿದುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಕೇಬಲ್ಲು ಎಲ್ಲಿಂದ ಎಲ್ಲಿಗೆ, ಒಳಗಿನ ವಿಳಾಸ ಯಾವುದು, ಪಾಸ್‌ವರ್ಡುಗಳು ಯಾವುವು. ಆ ಹಾಳೆ ರೂಟರಿನ ಮೇಲೆ ಅಂಟಿಸುವುದಕ್ಕಲ್ಲ. ಮನೆಯ ಪತ್ರಗಳ ಜೊತೆಯಲ್ಲಿ ಬೀರುವಿನಲ್ಲಿ ಇಡುವುದಕ್ಕೆ. ಮನೆಯಲ್ಲಿ ಈ ವಿಷಯ ಬಲ್ಲವರು ಒಬ್ಬರೇ ಇದ್ದು, ಅವರು ಊರಿನಲ್ಲಿಲ್ಲದ ದಿನ ಸಂಪರ್ಕ ನಿಂತರೆ, ಉಳಿದವರ ಕೈಗೆ ಬೀಗದ ಕೈ ಸಿಗಬೇಕಲ್ಲವೆ? ಬಾಗಿಲು ಮನೆಯವರೆಲ್ಲರದು, ಅದನ್ನು ತೆರೆಯುವ, ಹಾಕುವ ಬಗೆಯನ್ನು ಮನೆಯಲ್ಲಿ ಇಬ್ಬರಾದರೂ ಅರಿತಿರಲಿ.